ಬಿಲ್ಲೆಯ ನೀಲಿ, ಕಾಗದದ ನೀಲಿ

ಪುಟ್ಟಾ, ನೀನು ಕೇಳಿದ್ದು ಒಂದೇ ಸಾಲಿನ ಪ್ರಶ್ನೆ. ಬಿಎಂಡಬ್ಲ್ಯು ಕಂಪನಿಯ ಹಳೆಯ ಬ್ರೋಷರುಗಳನ್ನು ಹರಡಿಕೊಂಡು ಕೂತರೆ ಒಂದರಲ್ಲಿರುವ ಲಾಂಛನ ಇನ್ನೊಂದರಲ್ಲಿ ಇಲ್ಲ. ಒಂದರಲ್ಲಿ ಅಕ್ಷರ ಚಿನ್ನದ್ದು, ಒಂದರಲ್ಲಿ ಬಿಳಿ. ಒಂದರ ನೀಲಿ ತೆಳು, ಇನ್ನೊಂದರದು ಕಪ್ಪಿಗೆ ಹತ್ತಿರ. ದೊಡ್ಡಪ್ಪಾ, ಇದರಲ್ಲಿ ಸರಿಯಾದದ್ದು ಯಾವುದು ಅಂತ ಕೇಳಿದೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು, ಅದಕ್ಕೇ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: 'ಸರಿಯಾದದ್ದು ಯಾವುದು' ಅನ್ನುವುದನ್ನು ಸದ್ಯಕ್ಕೆ ಪಕ್ಕಕ್ಕಿಡು. ಹಾಳೆ ಕೈಗೆ ಬಂದಾಗಲೆಲ್ಲ ಬೇರೊಂದು ಕೇಳು. ಇದನ್ನು ಯಾರು, ಯಾರಿಗೋಸ್ಕರ, ಯಾವ ಯಂತ್ರದ ಮೇಲೆ, ಎಷ್ಟು ಬಣ್ಣದಲ್ಲಿ ಅಚ್ಚು ಹಾಕಿದರು? ಹೀಗೆ ಕೇಳುವ ಅಭ್ಯಾಸ ಆದಮೇಲೆ ಮೊದಲಿನ ಪ್ರಶ್ನೆಗೆ ಉತ್ತರ ಬೇಕು ಅಂತಲೇ ನಿನಗೆ ಅನ್ನಿಸುವುದಿಲ್ಲ.

ನೀನು ಡಿಸೈನ್ ಕಲಿತ ಕಾಲವೇ ಬೇರೆ. ಲಾಂಛನ ಅಂದರೆ ಅದಕ್ಕೊಂದು ನಿಯಮದ ಪುಸ್ತಕ ಇರುತ್ತದೆ, ನೀಲಿಗೆ ಒಂದು ಸಂಖ್ಯೆ ಇರುತ್ತದೆ, ಸುತ್ತ ಎಷ್ಟು ಜಾಗ ಬಿಡಬೇಕು ಅನ್ನುವುದಕ್ಕೂ ಅಳತೆ ಇರುತ್ತದೆ ಅಂತ ನಿನಗೆ ಮೊದಲ ದಿನದಿಂದ ಹೇಳಿಕೊಟ್ಟಿದ್ದಾರೆ. ಆ ಕಣ್ಣಿನಿಂದ 1930ರ ಬ್ರೋಷರ್ ನೋಡಿದರೆ ಅಲ್ಲಿರುವುದೆಲ್ಲ ತಪ್ಪಾಗಿಯೇ ಕಾಣುತ್ತದೆ. ನಾನು ಬದುಕಿದ್ದು ಅಚ್ಚುಕೂಟದಲ್ಲಿ. ಮೊಳೆ ಜೋಡಿಸಿ, ಟ್ರೆಡಲ್ ತುಳಿದು, ಆಮೇಲೆ ಆಫ್‌ಸೆಟ್ ಬಂದಾಗ ಅದನ್ನೂ ಕಲಿತವನು. ನಮ್ಮಲ್ಲಿ ಲಗ್ನಪತ್ರಿಕೆಗೆ ಒಂದು ಗಣಪತಿ ಬ್ಲಾಕ್ ಇರುತ್ತಿತ್ತು. ಅದೇ ಗಣಪತಿ ಒಂದು ಮದುವೆಗೆ ಅರಿಶಿನ, ಇನ್ನೊಂದಕ್ಕೆ ಕೆಂಪು. ಬ್ಲಾಕ್ ಸವೆದ ಹಾಗೆ ಸೊಂಡಿಲ ಗೆರೆ ದಪ್ಪವಾಗುತ್ತಿತ್ತು. ಗಣಪತಿ ಬದಲಾದ ಅಂತ ಯಾರೂ ಅನ್ನಲಿಲ್ಲ. ಬಿಎಂಡಬ್ಲ್ಯುವಿನ ಆ ದುಂಡು ಬಿಲ್ಲೆಯ ಕಥೆಯೂ ಬಹುಮಟ್ಟಿಗೆ ಹೀಗೆಯೇ.

ಬಿಲ್ಲೆ ಎಲ್ಲಿಂದ ಬಂತು ಅನ್ನುವುದನ್ನು ಗಟ್ಟಿಮಾಡಿಕೊಂಡಿರಬೇಕು, ಇಲ್ಲದಿದ್ದರೆ ಕಾಗದ ಏನೇನೋ ಹೇಳಿ ನಿನ್ನನ್ನು ಅತ್ತಿತ್ತ ಎಳೆದಾಡುತ್ತದೆ. ಮ್ಯೂನಿಕ್‌ನಲ್ಲಿ ಕಾರ್ಲ್ ರಾಪ್ ಅನ್ನುವ ಎಂಜಿನಿಯರನ ಹೆಸರಿನ ವಿಮಾನ ಎಂಜಿನ್ ಕಾರ್ಖಾನೆ ಇತ್ತು. 1917ರ ಜುಲೈಯಲ್ಲಿ ಅದು ಹೆಸರು ಬದಲಿಸಿಕೊಂಡು ಬಾಯೆರಿಷೆ ಮೋಟೋರೆನ್ ವೆರ್ಕೆ, ಅಂದರೆ ಬಿಎಂಡಬ್ಲ್ಯು ಆಯಿತು. ಆ ತಿಂಗಳು ಹೊಸ ಹೆಸರಿನಲ್ಲಿ ಕೊಟ್ಟ ಜಾಹೀರಾತಿನಲ್ಲಿ ಲಾಂಛನವೇ ಇರಲಿಲ್ಲ, ಇನ್ನೂ ಮಾಡಿಯೇ ಇರಲಿಲ್ಲ. ಟ್ರೇಡ್‌ಮಾರ್ಕ್ ದಾಖಲಾದದ್ದು ಅದೇ ವರ್ಷ ಅಕ್ಟೋಬರ್ 5ರಂದು. ರಾಪ್ ಕಾರ್ಖಾನೆಯ ಗುರುತಿನಲ್ಲಿ ಕಪ್ಪು ವೃತ್ತದ ನಡುವೆ ಕುದುರೆಯ ತಲೆ ಇತ್ತು. ವೃತ್ತವನ್ನು ಉಳಿಸಿಕೊಂಡರು, ಕುದುರೆಯನ್ನು ತೆಗೆದರು, ಅದರ ಜಾಗದಲ್ಲಿ ಬವೇರಿಯಾ ಸೀಮೆಯ ಬಿಳಿ ನೀಲಿಯನ್ನು ನಾಲ್ಕು ಕಾಲುಭಾಗವಾಗಿ ಕೂಡಿಸಿದರು. ಸುತ್ತಿನ ಕಪ್ಪು ಪಟ್ಟಿಗೆ ಚಿನ್ನದ ಅಂಚು, ಚಿನ್ನದ ಅಕ್ಷರ.

ಅದರಲ್ಲೊಂದು ಸೂಕ್ಷ್ಮ ಇದೆ. ವ್ಯಾಪಾರದ ಗುರುತಿನಲ್ಲಿ ರಾಜ್ಯದ ಲಾಂಛನ ಬಳಸುವುದಕ್ಕೆ ಆಗಿನ ಜರ್ಮನ್ ಕಾನೂನಿನ ಅಡ್ಡಿ ಇತ್ತು. ಲಾಂಛನಶಾಸ್ತ್ರದ ಪ್ರಕಾರ ಬಣ್ಣಗಳನ್ನು ಎಡಗಡೆಯ ಮೇಲ್ಮೂಲೆಯಿಂದ ಶುರುಮಾಡಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಓದುತ್ತಾರೆ. ಹಾಗೆ ಓದಿದರೆ ಬವೇರಿಯಾದ್ದು ಬಿಳಿ ನೀಲಿ, ಬಿಎಂಡಬ್ಲ್ಯುದು ನೀಲಿ ಬಿಳಿ. ಸರದಿ ತಿರುಗಿಸಿದ್ದರಿಂದ ಅದು ರಾಜ್ಯದ ಗುರುತಾಗಿ ಉಳಿಯಲಿಲ್ಲ, ನೋಡಿದವನಿಗೆ ಮಾತ್ರ ಬವೇರಿಯಾ ನೆನಪಾಗದೆ ಇರುವುದಿಲ್ಲ. ಈ ಸರದಿಯನ್ನು ನೆನಪಿಡು, ನಿನಗೆ ಇದು ದಿನವೂ ಕೆಲಸಕ್ಕೆ ಬರುತ್ತದೆ. ಎಡಗಡೆ ಮೇಲಿನ ಕಾಲುಭಾಗ ಬಿಳಿ ಇರುವ ಹಾಳೆ ಸಿಕ್ಕರೆ ಇಡೀ ಪುಟವನ್ನೊಮ್ಮೆ ನೋಡು. ಚಿತ್ರದೊಳಗಿನ ನಂಬರ್ ಪ್ಲೇಟಿನ ಅಕ್ಷರ ತಿರುಗುಮುರುಗಾಗಿದೆಯೋ, ಸ್ಟಿಯರಿಂಗ್ ಪಕ್ಕ ಬದಲಾಗಿದೆಯೋ ಅಂತ. ಬ್ಲಾಕ್ ಮಾಡುವಾಗ ನೆಗೆಟಿವ್ ಮಗುಚಿ ಬೀಳುವುದು ಎಲ್ಲ ಅಚ್ಚುಕೂಟಗಳಲ್ಲೂ ಆಗುವಂಥದ್ದು. ಕಾರು ಬಲಕ್ಕೆ ಹೋಗುವ ಬದಲು ಎಡಕ್ಕೆ ಹೋಗಲಿ ಅಂತ ಪುಟ ಕಟ್ಟುವವನು ಬೇಕೆಂದೇ ಮಗುಚುವುದೂ ಉಂಟು.

ಈಗ ಬಣ್ಣದ ಮಾತಿಗೆ ಬರೋಣ. ಇಲ್ಲಿ ನಿಧಾನವಾಗಿ ಓದು, ನಿನ್ನ ಗೊಂದಲದ ಮುಕ್ಕಾಲು ಪಾಲು ಇರುವುದು ಇಲ್ಲೇ. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ನಾಲ್ಕು ಬಣ್ಣದ ಅಚ್ಚು ದುಬಾರಿ. ಮುಖಪುಟಕ್ಕೆ ಕೊಟ್ಟರೆ ಕೊಟ್ಟರು, ಒಳಪುಟಗಳಿಗೆ ಒಂದೋ ಎರಡೋ ಶಾಯಿ. ಕಪ್ಪಿನ ಜೊತೆಗೆ ಕೊಡುವ ಎರಡನೆಯ ಶಾಯಿ ಹಸಿರಾಗಿದ್ದರೆ ಲಾಂಛನದ ಕಾಲುಭಾಗವೂ ಹಸಿರೇ. ಕಂದು ಆಗಿದ್ದರೆ ಕಂದು. ಅಲ್ಲಿ ಯಾರೂ ಲಾಂಛನ ಬದಲಿಸಲಿಲ್ಲ, ಆ ಪುಟಕ್ಕೆ ನೀಲಿ ಶಾಯಿಯ ದುಡ್ಡು ಹಾಕಲಿಲ್ಲ ಅಷ್ಟೆ. ಒಂದೇ ಕಪ್ಪಿನಲ್ಲಿ ಹೊಡೆಯಬೇಕಾದಾಗ ಬ್ಲಾಕ್ ಕೆತ್ತುವವನ ಮುಂದೆ ಕೆಲವು ದಾರಿಗಳಿದ್ದವು: ನೀಲಿಯ ಜಾಗವನ್ನು ತುಂಬ ಕಪ್ಪು ಮಾಡಬಹುದು, ಚುಕ್ಕಿಯಿಟ್ಟು ಬೂದು ಮಾಡಬಹುದು, ಗೆರೆ ಎಳೆಯಬಹುದು. ಗೆರೆಗೂ ಒಂದು ಶಾಸ್ತ್ರ ಇದೆ. ಯುರೋಪಿನಲ್ಲಿ 1600ರ ದಶಕಗಳಿಂದ ಲಾಂಛನಗಳನ್ನು ಕಪ್ಪು ಬಿಳುಪಿನಲ್ಲಿ ಅಚ್ಚು ಹಾಕುವಾಗ ಅಡ್ಡಗೆರೆ ಅಂದರೆ ನೀಲಿ, ಉದ್ದಗೆರೆ ಅಂದರೆ ಕೆಂಪು, ಚುಕ್ಕಿ ಅಂದರೆ ಚಿನ್ನ ಅಂತ ಗೊತ್ತುಮಾಡಿಕೊಂಡಿದ್ದರು. ಆ ಶಾಸ್ತ್ರ ಬಲ್ಲ ಕೆತ್ತನೆಗಾರ ಅಡ್ಡಗೆರೆ ಹಾಕುತ್ತಾನೆ, ಅರಿಯದವನು ತನ್ನ ಕಣ್ಣಿಗೆ ಚೆಂದ ಕಂಡ ಕಡೆಗೆ ಎಳೆಯುತ್ತಾನೆ. ಉದ್ದಗೆರೆ ಕಂಡ ಕೂಡಲೇ ಕೆಂಪು ಲಾಂಛನ ಸಿಕ್ಕಿತು ಅಂತ ಹಿಗ್ಗಬೇಡ. ಹಾಗಂತ ನಿಜವಾಗಿಯೂ ಕೆಂಪಾಗಿದ್ದ ಲಾಂಛನವೂ ಒಂದಿದೆ, ಅದರ ವಿಷಯ ಕೊನೆಗೆ ಹೇಳುತ್ತೇನೆ.

ಫೋಟೋ ಇರುವ ಪುಟಗಳಲ್ಲಿ ತೊಡಕು ಇನ್ನೂ ಹೆಚ್ಚು. ಹಳೆಯ ಫೋಟೋ ಪ್ಲೇಟುಗಳು ನಮ್ಮ ಕಣ್ಣಿನಂತೆ ನೋಡುತ್ತಿರಲಿಲ್ಲ. ನೀಲಿಗೆ ಅವು ಬಲು ಬೇಗ ಸ್ಪಂದಿಸುತ್ತಿದ್ದವು, ಕೆಂಪಿಗೆ ಸ್ಪಂದಿಸುತ್ತಲೇ ಇರಲಿಲ್ಲ. ಹಾಗಾಗಿ ಅಚ್ಚಿನಲ್ಲಿ ಆಕಾಶ ಬೆಳ್ಳಗೆ, ಕೆಂಪು ತುಟಿ ಕಪ್ಪಗೆ. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಲೇಟು 1906ರಿಂದಲೇ ಮಾರಾಟಕ್ಕಿದ್ದರೂ ಹಳೆಯದೇ ಬಹಳ ಕಾಲ ಬಳಕೆಯಲ್ಲಿ ಉಳಿಯಿತು. ಅಂಥ ಪ್ಲೇಟಿನಲ್ಲಿ ಈ ಬಿಲ್ಲೆ ತೆಗೆದರೆ ಏನಾಗುತ್ತದೆ ಯೋಚಿಸು. ನೀಲಿ ಕಾಲುಭಾಗ ಬೆಳ್ಳಗಾಗಿ ಬಿಳಿಯ ಜೊತೆ ಸೇರಿಹೋಗುತ್ತದೆ, ಚಿನ್ನದ ಅಕ್ಷರ ಮಂಕಾಗಿ ಕಪ್ಪು ಪಟ್ಟಿಯೊಳಗೆ ಮುಳುಗುತ್ತದೆ. ಉಳಿಯುವುದು ಕಪ್ಪು ಬಳೆಯೊಳಗೊಂದು ಬಿಳಿ ಬಟ್ಟಲು. ಮಾರಾಟದ ಬ್ರೋಷರಿನಲ್ಲಿ ಹಾಗೆ ಬಿಡಲು ಆಗುತ್ತದೆಯೇ? ಕುಂಚ ಹಿಡಿದು ಕೂತ ರಿಟಚ್ ಕಲಾವಿದ ಫೋಟೋದ ಮೇಲೆಯೇ ಲಾಂಛನವನ್ನು ಹೊಸದಾಗಿ ಬರೆಯುತ್ತಿದ್ದ. ಅವನ ಮುಂದೆ ಅಸಲಿ ಬಿಲ್ಲೆ ಇರಬೇಕೆಂದೇನೂ ಇಲ್ಲ, ಹಿಂದಿನ ವರ್ಷದ ಕ್ಯಾಟಲಾಗ್ ಇದ್ದರೆ ಸಾಕು. ಆ ಕ್ಯಾಟಲಾಗಿನಲ್ಲಿ ಅಕ್ಷರ ಅಗಲವಾಗಿದ್ದರೆ ಇದರಲ್ಲೂ ಅಗಲ. ಹೀಗೆ ಕಾಗದ ನೋಡಿ ಕಾಗದ ಬರೆದು ಒಂದು ವಂಶವೇ ಬೆಳೆಯುತ್ತದೆ, ಕಾರಿನ ಮೂತಿಯ ಮೇಲಿದ್ದ ಎನಾಮಲ್ ಬಿಲ್ಲೆಗೂ ಅದಕ್ಕೂ ನೇರ ಸಂಬಂಧ ಇರುವುದಿಲ್ಲ. ಬ್ರೋಷರ್ ತೋರಿಸಿ ಬಿಲ್ಲೆ ಮಾಡಿಸಿಕೊಡಿ ಅಂತ ಯಾರಾದರೂ ಕಾರು ರಿಪೇರಿ ಮಾಡುವವರು ನಿನ್ನ ಹತ್ತಿರ ಬಂದರೆ, ದಯವಿಟ್ಟು ಬೇಡ ಅನ್ನು. ಲೋಹದ ಬಿಲ್ಲೆಗೆ ಲೋಹದ ಬಿಲ್ಲೆಯೇ ಸಾಕ್ಷಿ.

ಚಿನ್ನದ ಅಕ್ಷರದ ವಿಷಯದಲ್ಲಿ ನಿನ್ನ ಕಣ್ಣಿಗಿಂತ ರಸಾಯನವನ್ನು ನಂಬು. ಚಿನ್ನದ ಶಾಯಿ ಅಂದರೆ ಚಿನ್ನವಲ್ಲ, ತಾಮ್ರ ಸತುವಿನ ಮಿಶ್ರಲೋಹದ ಪುಡಿ. ವಾರ್ನಿಷಿನಲ್ಲಿ ಕಲಸಿ ಹೊಡೆಯುತ್ತಿದ್ದರು, ಇಲ್ಲವೇ ಅಂಟಿನ ಮೇಲೆ ಪುಡಿ ಎರಚಿ ಒರೆಸುತ್ತಿದ್ದರು. ದಶಕಗಳು ಕಳೆದಂತೆ ಅದು ಕಿಲುಬು ಹತ್ತಿ ಕಂದಾಗುತ್ತದೆ, ಕೆಲವು ಕಡೆ ಹಸಿರೂ ಆಗುತ್ತದೆ. ಬೆಳ್ಳಿಯ ಶಾಯಿಯಲ್ಲಿರುವುದು ಅಲ್ಯುಮಿನಿಯಂ ಪುಡಿ, ಅದು ಬೂದಾಗಿಯೇ ಉಳಿಯುತ್ತದೆ. ಆದ್ದರಿಂದ ಕಂದು ಅಕ್ಷರ ಕಂಡರೆ ಕಂದು ಅಂತ ಬರೆದುಕೊಳ್ಳುವ ಮೊದಲು ದೀಪದ ಕೆಳಗೆ ಹಾಳೆಯನ್ನು ಓರೆಯಾಗಿ ಹಿಡಿ. ಎಲ್ಲಾದರೂ ಒಂದು ಕಣ ಮಿನುಗಿದರೆ ಅದು ಒಂದು ಕಾಲದಲ್ಲಿ ಚಿನ್ನವಾಗಿತ್ತು. ನೀಲಿಯ ಛಾಯೆ ಇನ್ನೂ ಮೋಸಗಾರ. ಬಿಸಿಲು ಬಿದ್ದ ನಾಲ್ಕು ಬಣ್ಣದ ಅಚ್ಚಿನಲ್ಲಿ ಮೊದಲು ಸೋಲುವುದು ಹಳದಿ ಮತ್ತು ಕೆಂಗುಲಾಬಿ, ಕೊನೆಯವರೆಗೆ ನಿಲ್ಲುವುದು ನೀಲಿ. ಅಂಗಡಿಯ ಗಾಜಿನ ಹಿಂದೆ ವರ್ಷಗಟ್ಟಲೆ ನಿಂತ ಪೋಸ್ಟರಿನಲ್ಲಿ ಎಲ್ಲವೂ ನೀಲಿಯಾಗಿರುತ್ತದೆ, ಕಾರಿನ ಪಕ್ಕದ ಹುಲ್ಲು ಕೂಡ. ಅಂಥದ್ದರ ಆಧಾರದ ಮೇಲೆ ಆ ವರ್ಷದ ಲಾಂಛನದ ನೀಲಿ ಇಂಥದ್ದು ಅಂತ ತೀರ್ಮಾನ ಮಾಡಬಾರದು. ಪುಟ ಮಡಚಿಕೊಂಡಿದ್ದ ಜಾಗ, ಪಿನ್ನಿನ ಒಳಬದಿ, ಬೆಳಕು ತಾಕದ ಅಂಚು, ಅಲ್ಲಿ ನೋಡು. ಹಳೆಯ ಬಣ್ಣ ಇನ್ನೂ ಉಳಿದಿರುತ್ತದೆ.

ಒಂದು ಒಳ್ಳೆಯ ಭೂತಗನ್ನಡಿ ಇಟ್ಟುಕೊ, ಹತ್ತು ಪಟ್ಟು ದೊಡ್ಡದು ಮಾಡುವಂಥದ್ದು ಸಾಕು. ಮೊಳೆಯಿಂದ, ಬ್ಲಾಕಿನಿಂದ ಹೊಡೆದ ಅಚ್ಚಿನಲ್ಲಿ ಅಕ್ಷರದ ಅಂಚಿಗೆ ಶಾಯಿ ಒತ್ತಿಕೊಂಡು ಸಣ್ಣ ಏರಿ ಕಟ್ಟಿರುತ್ತದೆ. ಹಾಳೆಯ ಹಿಂಬದಿ ಸವರಿದರೆ ಉಬ್ಬು ಕೈಗೆ ಸಿಗುತ್ತದೆ. ಆಫ್‌ಸೆಟ್ ಅಚ್ಚು ಚಪ್ಪಟೆ, ಅಂಚು ನಯ. ಮೂಲ ಬ್ರೋಷರ್ ಅಂತ ಮಾರುವ ಎಷ್ಟೋ ಹಾಳೆಗಳು ಆಮೇಲೆ ಫೋಟೋ ತೆಗೆದು ಮತ್ತೆ ಅಚ್ಚು ಹಾಕಿದವು. ಮೂಲದಲ್ಲಿ ಗಟ್ಟಿ ನೀಲಿಯಾಗಿದ್ದ ಕಾಲುಭಾಗ ಅವುಗಳಲ್ಲಿ ಬಣ್ಣಬಣ್ಣದ ಚುಕ್ಕಿಗಳ ಗುಂಪಾಗಿ ಒಡೆದಿರುತ್ತದೆ. ಲಾಂಛನ ಎಂಬುದು ಸಣ್ಣ ಜಾಗದಲ್ಲಿ ಗಟ್ಟಿ ಬಣ್ಣ, ತೆಳು ಗೆರೆ, ಅಕ್ಷರ ಮೂರನ್ನೂ ಇಟ್ಟುಕೊಂಡಿರುವ ಚಿತ್ರ. ಅಚ್ಚಿನ ಗುಣ ಅಳೆಯಲು ಪುಟದಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಬೆಲೆ ಕೇಳುವ ಮೊದಲು ಅಲ್ಲಿ ಕನ್ನಡಿ ಇಡು.

ಇನ್ನು ನೀನು ಎಲ್ಲಿ ಹೋದರೂ ಕೇಳಬೇಕಾಗಿ ಬರುವ ಕಥೆ. ಬಿಎಂಡಬ್ಲ್ಯು ಬಿಲ್ಲೆ ಅಂದರೆ ನೀಲಿ ಆಕಾಶದಲ್ಲಿ ತಿರುಗುತ್ತಿರುವ ವಿಮಾನದ ಬಿಳಿ ರೆಕ್ಕೆ, ಅಂದರೆ ಪ್ರೊಪೆಲ್ಲರ್ ಅನ್ನುವುದು. ಕಾರು ಗೊತ್ತಿರುವವರು, ಗೊತ್ತಿಲ್ಲದವರು ಎಲ್ಲರೂ ಇದನ್ನು ಹೇಳುತ್ತಾರೆ. ಹುಟ್ಟಿನ ಮಟ್ಟಿಗೆ ಅದು ನಿಜವಲ್ಲ, ಬವೇರಿಯಾದ ಬಣ್ಣದ ಮಾತು ಆಗಲೇ ಹೇಳಿದೆ. ಆದರೆ ಕಥೆ ಎಲ್ಲಿಂದ ಬಂತು? ಬಂದದ್ದು ನೀನು ಕೂಡಿಡುತ್ತಿರುವಂಥದೇ ಒಂದು ಕಾಗದದಿಂದ. 1929ರಲ್ಲಿ ಕಂಪನಿ ಅಮೆರಿಕದ ಪ್ರಾಟ್ ಅಂಡ್ ವಿಟ್ನಿಯಿಂದ ಪರವಾನಗಿ ಪಡೆದು ಹೊಸ ವಿಮಾನ ಎಂಜಿನ್ ಮಾರುಕಟ್ಟೆಗೆ ತರುತ್ತಿತ್ತು. ಅದರ ಜಾಹೀರಾತಿಗೆ ಚಿತ್ರ ಬರೆದವನು ವಿಮಾನದ ಮುಂದೆ ತಿರುಗುವ ಪ್ರೊಪೆಲ್ಲರಿನ ವೃತ್ತದಲ್ಲಿ ಲಾಂಛನವನ್ನು ಕೂಡಿಸಿದ. ಕಾಲುಭಾಗಗಳು ತಿರುಗುವ ಅಲಗುಗಳಾಗಿಬಿಟ್ಟವು. ಎಂಥ ಚಿತ್ರ ನೋಡು! ಕಂಪನಿಯ ಹುಟ್ಟು ವಿಮಾನ ಎಂಜಿನ್ನಿನಲ್ಲಿ, ಮಾರುತ್ತಿರುವುದು ವಿಮಾನ ಎಂಜಿನ್, ಗುರುತು ದುಂಡಗಿದೆ. ನಾನು ಆ ಮೇಜಿನ ಮುಂದೆ ಕೂತಿದ್ದರೂ ಹಾಗೇ ಬರೆಯುತ್ತಿದ್ದೆನೇನೋ.

1942ರಲ್ಲಿ ವಿಲ್ಹೆಲ್ಮ್ ಫಾರೆನ್‌ಕೋಫ್ ಅನ್ನುವವರು ಕಂಪನಿಯ ವಿಮಾನ ಎಂಜಿನ್ ಪತ್ರಿಕೆಯಲ್ಲಿ ಲಾಂಛನದ ಮೇಲೊಂದು ಲೇಖನ ಬರೆದು ಪ್ರೊಪೆಲ್ಲರಿನ ಕಥೆಯನ್ನು ಅಚ್ಚಿನಲ್ಲಿ ಊರಿದರು. ಕಂಪನಿಯೂ ಅದನ್ನು ಅಲ್ಲಗಳೆಯುವ ಗೋಜಿಗೆ ದಶಕಗಳ ಕಾಲ ಹೋಗಲಿಲ್ಲ. ಹೋಗಬೇಕಾದ ತುರ್ತಾದರೂ ಏನಿತ್ತು, ಕೇಳಿದವರಿಗೆಲ್ಲ ಇಷ್ಟವಾಗುವ ಕಥೆ ಅದು. ನನ್ನ ಮಾತು ಇಷ್ಟೇ ಪುಟ್ಟಾ: ಯಾರಾದರೂ ಪ್ರೊಪೆಲ್ಲರ್ ಅಂದರೆ ಅವರ ಬಾಯಿ ಮುಚ್ಚಿಸಬೇಡ. ನಿನಗೆ ಗೊತ್ತಿದೆ ಅಂತ ತೋರಿಸಿಕೊಳ್ಳಲು ನಾಲ್ಕು ಜನರ ಎದುರು ಯಾರನ್ನೂ ಸಣ್ಣವರನ್ನಾಗಿ ಮಾಡಬಾರದು. ಅವರು ನಂಬಿದ್ದು ಸುಳ್ಳುಗಾರನನ್ನಲ್ಲ, ಒಂದು ಒಳ್ಳೆಯ ಜಾಹೀರಾತನ್ನು. ಆ ಚಿತ್ರದ ಒಂದು ಪ್ರತಿ ಕೈಯಲ್ಲಿದ್ದರೆ ತೆಗೆದು ತೋರಿಸು, ವರ್ಷ ಹೇಳು. 1917ಕ್ಕೂ 1929ಕ್ಕೂ ನಡುವೆ 12 ವರ್ಷ ಇದೆ, ಲೆಕ್ಕ ಅವರೇ ಹಾಕಿಕೊಳ್ಳುತ್ತಾರೆ. ಇನ್ನೊಂದು ವಿಷಯ. ಲಾಂಛನವನ್ನು ತಪ್ಪಾಗಿ ತೋರಿಸಿದ ಆ ಹಾಳೆಯೇ ಅದರ ಚರಿತ್ರೆಯಲ್ಲಿ ಬೇರೆಲ್ಲ ಹಾಳೆಗಳಿಗಿಂತ ದೊಡ್ಡದಾಯಿತು. ಬಿಲ್ಲೆಯನ್ನು ಲೋಕ ಈಗ ಹೇಗೆ ನೋಡುತ್ತದೋ ಹಾಗೆ ನೋಡಲು ಕಲಿಸಿದ್ದು ಅದು. ಸರಿಯಾದದ್ದನ್ನು ಮಾತ್ರ ಇಟ್ಟುಕೊಳ್ಳುತ್ತೇನೆ ಅಂತ ನೀನು ಹೊರಟಿದ್ದರೆ ಮೊದಲು ಎಸೆಯುವುದು ಅದನ್ನೇ ಆಗುತ್ತಿತ್ತು.

ಕೆಲವು ಸಲ ವ್ಯತ್ಯಾಸಕ್ಕೆ ಶಾಯಿಯೂ ಕಾರಣವಲ್ಲ, ಚಿತ್ರಕಾರನೂ ಅಲ್ಲ, ಕಂಪನಿಯ ಮನೆಯೇ ಬದಲಾಗಿರುತ್ತದೆ. ಮೊದಲ ಯುದ್ಧ ಸೋತ ಜರ್ಮನಿಗೆ ವಿಮಾನ ಎಂಜಿನ್ ತಯಾರಿಸುವುದು ನಿಷಿದ್ಧವಾಯಿತು. ಬಿಎಂಡಬ್ಲ್ಯು ರೈಲಿನ ಬ್ರೇಕ್ ಮಾಡಿಕೊಂಡಿತ್ತು. 1922ರಲ್ಲಿ ಕಮಿಲ್ಲೊ ಕಾಸ್ಟಿಲ್ಯೋನಿ ಅನ್ನುವ ಬಂಡವಾಳಗಾರ ಎಂಜಿನ್ ವಿಭಾಗವನ್ನೂ ಬಿಎಂಡಬ್ಲ್ಯು ಅನ್ನುವ ಹೆಸರನ್ನೂ ಲಾಂಛನವನ್ನೂ ಕೊಂಡು ಇನ್ನೊಂದು ಕಂಪನಿಗೆ ಒಯ್ದ. ವಿಮಾನ ತಯಾರಿಸುತ್ತಿದ್ದ ಆ ಕಂಪನಿಯೇ ಅಲ್ಲಿಂದಾಚೆಗೆ ಬಿಎಂಡಬ್ಲ್ಯು. ಹಳೆಯದು ಬ್ರೇಕಿನ ಕಂಪನಿಯಾಗಿ ಬೇರೆ ಹೆಸರಿನಲ್ಲಿ ಉಳಿಯಿತು. ಮರುವರ್ಷ ಆರ್ 32 ಮೋಟಾರ್‌ಸೈಕಲ್ ಬಂತು, 494 ಸಿಸಿ, ಎಂಟೂವರೆ ಅಶ್ವಶಕ್ತಿ. ಜನಸಾಮಾನ್ಯರ ಕಣ್ಣಿಗೆ ಬಿಲ್ಲೆ ಬಿದ್ದದ್ದು ಅದರ ಪೆಟ್ರೋಲ್ ಟ್ಯಾಂಕಿನ ಮೇಲೆ. ಕಾರಿನ ಮೇಲೆ ಬಂದದ್ದು 1929ರಲ್ಲಿ. ಐಸೆನಾಖ್ ಊರಿನ ಕಾರ್ಖಾನೆಯನ್ನು ಹಿಂದಿನ ವರ್ಷ ಕೊಂಡಿದ್ದರು. ಅಲ್ಲಿ ಇಂಗ್ಲೆಂಡಿನ ಆಸ್ಟಿನ್ ಸೆವೆನ್ ಕಾರನ್ನು ಪರವಾನಗಿಯ ಮೇಲೆ ಡಿಕ್ಸಿ ಅಂತ ಮಾಡುತ್ತಿದ್ದರು, ಅದೇ ಬಿಎಂಡಬ್ಲ್ಯು ಕಾರಾಯಿತು. ಆ ವರ್ಷಗಳ ಕಾಗದಗಳಲ್ಲಿ ಎರಡು ಹೆಸರು ಒಟ್ಟಿಗೆ ಕಂಡರೆ ಆಶ್ಚರ್ಯ ಬೇಡ. 1930ರ ದಶಕದಲ್ಲಿ ಬ್ರಿಟನ್ನಿನಲ್ಲಿ ಇವರ ಕಾರು ತರಿಸಿ ಮಾರುತ್ತಿದ್ದವರು ಫ್ರೇಜರ್ ನ್ಯಾಶ್‌ನವರು, ಅಲ್ಲಿಯ ಕ್ಯಾಟಲಾಗುಗಳಲ್ಲಿ ಕಾರಿನ ಹೆಸರೇ ಫ್ರೇಜರ್ ನ್ಯಾಶ್ ಬಿಎಂಡಬ್ಲ್ಯು. ಅದನ್ನು ವಿಕಾರ ಅಂತ ತಳ್ಳಬೇಡ, ಅದು ಮಾರಾಟಗಾರನ ನ್ಯಾಯವಾದ ಹಕ್ಕು.

ಲಾಂಛನ ನೋಡಿ ವರ್ಷ ಹೇಳಬಹುದೇ ಅಂತಲೂ ಕೇಳಿದ್ದೆ. ಕೆಲವರದ್ದು ಹೇಳಬಹುದು. ಆಲ್ಫಾ ರೋಮಿಯೊ ತೆಗೆದುಕೊ. 1910ರಲ್ಲಿ ಹುಟ್ಟಿದ ಆ ಬಿಲ್ಲೆಯಲ್ಲಿ ಮಿಲಾನ್ ನಗರದ ಶಿಲುಬೆ, ವಿಸ್ಕೊಂಟಿ ಮನೆತನದ ಹಾವು. 1925ರಲ್ಲಿ ಪಿ2 ಕಾರು ರೇಸಿನ ಮೊದಲ ವಿಶ್ವ ಚಾಂಪಿಯನ್‌ಶಿಪ್ ಗೆದ್ದಮೇಲೆ ಸುತ್ತಲೂ ಎಲೆಯ ಹಾರ ಸೇರಿತು. ಅಕ್ಷರಗಳ ನಡುವೆ ಸವಾಯ್ ರಾಜಮನೆತನದ ಗಂಟುಗಳಿದ್ದವು, 1946ರಲ್ಲಿ ಇಟಲಿ ಗಣರಾಜ್ಯವಾದಾಗ ಅವು ಹೋಗಿ ಅಲೆಯ ಗೆರೆ ಬಂತು. ದಕ್ಷಿಣದಲ್ಲಿ ನೇಪಲ್ಸ್ ಹತ್ತಿರ ಹೊಸ ಕಾರ್ಖಾನೆ ಎದ್ದು, 1970ರ ದಶಕದ ಆರಂಭದಲ್ಲಿ 'ಮಿಲಾನೊ' ಅನ್ನುವ ಊರ ಹೆಸರೂ ಬಿಟ್ಟುಹೋಯಿತು. ರಾಜಕೀಯ, ರೇಸು, ಕಾರ್ಖಾನೆ ಎಲ್ಲವೂ ಬಿಲ್ಲೆಯ ಮೇಲೆ ಗುರುತು ಬಿಟ್ಟಿವೆ, ನೋಡಿದರೆ ಕಾಲ ತಿಳಿಯುತ್ತದೆ. ಬಿಎಂಡಬ್ಲ್ಯು ಹಾಗಲ್ಲ. ರೂಪ ಮೊದಲಿನಿಂದ ಒಂದೇ, ಅಕ್ಷರದ ದಪ್ಪ ತೆಳು, ಚಿನ್ನ ಬಿಳಿ, ಛಾಯೆ ಇಷ್ಟೇ ಬದಲಾಗುತ್ತಾ ಹೋದದ್ದು. ಎರಡನೆಯ ಯುದ್ಧದ ನಂತರದ ದಶಕದಲ್ಲಿ ಬಿಳಿ ಅಕ್ಷರ ನೆಲೆಯಾಯಿತು, 1960ರ ದಶಕದಲ್ಲಿ ಕಾಲುಗಳಿಲ್ಲದ ನಯವಾದ ಅಕ್ಷರ ಬಂತು. ಆದರೆ ಹಳೆಯ ಬ್ಲಾಕ್ ಇನ್ನೂ ಚೆನ್ನಾಗಿದ್ದರೆ ಯಾವ ಅಚ್ಚುಕೂಟವೂ ಅದನ್ನು ಎಸೆಯುವುದಿಲ್ಲ. ಆದ್ದರಿಂದ ವರ್ಷ ಬೇಕಾದರೆ ಲಾಂಛನ ಬಿಟ್ಟು ಹಿಂಬದಿಯ ಅಡಿಗೆ ಹೋಗು. ಸಣ್ಣಕ್ಷರದಲ್ಲಿ ಅಚ್ಚುಕೂಟದ ಹೆಸರು, ಸಂಖ್ಯೆ, ಕೆಲವೊಮ್ಮೆ ತಿಂಗಳು ಇರುತ್ತದೆ. ಬೆಲೆಯ ಪಟ್ಟಿ ಇದ್ದರೆ ನಾಣ್ಯ ನೋಡು. ರೈಷ್‌ಮಾರ್ಕ್ ಅಂದರೆ 1948ರ ಜೂನ್‌ಗೆ ಹಿಂದಿನದು, ಡಾಯ್ಚ್ ಮಾರ್ಕ್ ಅಂದರೆ ಆಚೆಯದು. ವಿಳಾಸದಲ್ಲಿ ನಾಲ್ಕಂಕಿಯ ಪಿನ್ ಕೋಡ್ ಇದ್ದರೆ ಪಶ್ಚಿಮ ಜರ್ಮನಿಯಲ್ಲಿ 1961ರ ನಂತರದ್ದು. ಈ ಸಣ್ಣ ಸಂಗತಿಗಳು ಯಾರ ಮನಸ್ಸನ್ನೂ ಒಲಿಸಲು ಅಚ್ಚಾದವಲ್ಲ, ಅದಕ್ಕೇ ನಂಬಬಹುದು.

ಈಗ ನನಗೆ ನಿಜವಾಗಿ ಆತಂಕ ಇರುವ ವಿಷಯ. ನಿನ್ನ ಕೈಯಲ್ಲಿ ಕಂಪ್ಯೂಟರಿದೆ, ಕೌಶಲ ಇದೆ. ಹಳೆಯ ಹಾಳೆಯನ್ನು ಸ್ಕ್ಯಾನ್ ಮಾಡಿ, ಕಲೆ ತೆಗೆದು, ಸೊಟ್ಟಗಿರುವ ಲಾಂಛನವನ್ನು ಅಳಿಸಿ ಅಲ್ಲಿ ಅಚ್ಚುಕಟ್ಟಾದ ಹೊಸದನ್ನು ಕೂಡಿಸುವುದು ನಿನಗೆ ಕ್ಷಣದ ಕೆಲಸ. ಮಾಡಬೇಡ, ಯಾರು ದುಡ್ಡು ಕೊಡುತ್ತೇನೆಂದರೂ ಮಾಡಬೇಡ. ನೀನು ತಿದ್ದಿದ ಚಿತ್ರ ಹತ್ತು ಜನರ ಕೈಗೆ ಹೋಗುತ್ತದೆ, ಮುಂದಿನವರು ಅದನ್ನೇ ಸಾಕ್ಷಿ ಅಂತ ಹಿಡಿದು ಇನ್ನೊಂದು ಬರೆಯುತ್ತಾರೆ. ರಿಟಚ್ ಕಲಾವಿದರ ವಂಶದ ಮಾತು ಹೇಳಿದೆನಲ್ಲ, ಅವರಿಗೆ ಮಾರಾಟದ ಒತ್ತಡ ಇತ್ತು, ನಾಳೆ ಬೆಳಗ್ಗೆ ಬ್ಲಾಕ್ ಬೇಕಿತ್ತು. ನಿನಗೆ ಅಂಥ ಯಾವ ನೆಪವೂ ಇಲ್ಲ. ನೀಲಿ ಶಾಯಿ ಸರಿದು ಬಿಳಿಯ ಒಂದು ಎಳೆ ಬಿಟ್ಟುಕೊಂಡಿದೆ ಅನ್ನು. ಆ ದಿನ ಆ ಹಾಳೆ ಎರಡನೆಯ ಸಲ ಯಂತ್ರಕ್ಕೆ ಹೋದಾಗ ಒಂದು ಕೂದಲಷ್ಟು ಜರುಗಿತ್ತು ಅನ್ನುವುದು ಅದರಿಂದ ಗೊತ್ತಾಗುತ್ತದೆ. ಎರಡು ಶಾಯಿ, ಎರಡು ಸಲ ಓಟ, ಇಂಥ ಯಂತ್ರ ಅಂತ ಹೇಳುವ ಸಾಕ್ಷಿಯನ್ನು ನೀನು ಅಂದಕ್ಕೋಸ್ಕರ ಅಳಿಸಬಾರದು. ಆ ಹಾಳೆ ಹೊಡೆದವನು ಹೆಸರಿಲ್ಲದ ಕೆಲಸಗಾರ, ಅವನ ಕೈ ಉಳಿದಿರುವುದು ಆ ಜರುಗಿನಲ್ಲಿ.

ನಿನ್ನ ಕಾಲದಲ್ಲೂ ಕಾಗದದ ಲಾಂಛನ, ಕಾರಿನ ಲಾಂಛನ ಬೇರೆ ಬೇರೆಯೇ. 2020ರಲ್ಲಿ ಬಿಎಂಡಬ್ಲ್ಯು ಹೊಸ ರೂಪ ತಂದಿತಲ್ಲ, ಕಪ್ಪು ಪಟ್ಟಿ ಹೋಗಿ ಪಾರದರ್ಶಕವಾದದ್ದು, ಅದು ಪ್ರಚಾರಕ್ಕೆ ಮಾತ್ರ. ಕಾರಿನ ಮೂತಿಗೆ ಹಾಕಿದ್ದು ಕಪ್ಪು ಪಟ್ಟಿಯ ಹಳೆಯ ಬಿಲ್ಲೆಯನ್ನೇ. ಹಿಂದೆ ಅಚ್ಚುಕೂಟದ ಇಕ್ಕಟ್ಟಿನಿಂದ ಆಗುತ್ತಿದ್ದದ್ದನ್ನು ಈಗ ಕಂಪನಿಯೇ ತೀರ್ಮಾನ ಮಾಡಿ ಮಾಡಿದೆ. ಮುಂದೆ ಯಾರಾದರೂ ಹುಡುಗಿ 2020ರ ಬ್ರೋಷರನ್ನೂ ಕಾರನ್ನೂ ಪಕ್ಕಪಕ್ಕ ಇಟ್ಟು ಇದರಲ್ಲಿ ಯಾವುದು ಸರಿ ಅಂತ ತನ್ನ ದೊಡ್ಡಪ್ಪನನ್ನು ಕೇಳುತ್ತಾಳೆ.

ಒಂದು ನೋಟ್‌ಬುಕ್ ಮಾಡು. ಹಾಳೆಗೊಂದು ಸಂಖ್ಯೆ ಕೊಡು, ಅದನ್ನು ಹಾಳೆಯ ಹಿಂದೆ ಮೃದುವಾದ ಪೆನ್ಸಿಲ್ಲಿನಲ್ಲಿ ಬರೆ, ಪೆನ್ನು ಮುಟ್ಟಿಸಬೇಡ. ನೋಟ್‌ಬುಕ್ಕಿನಲ್ಲಿ ಭಾಷೆ, ಅಳತೆ, ಎಷ್ಟು ಶಾಯಿ, ಮೊಳೆಯೋ ಆಫ್‌ಸೆಟ್ಟೋ, ಅಡಿಯ ಸಣ್ಣಕ್ಷರ, ಎಲ್ಲಿ ಕೊಂಡೆ, ಎಲ್ಲ ಇರಲಿ. ಲಾಂಛನ ಒಂದೇ ಬ್ರೋಷರಿನಲ್ಲಿ ಎಷ್ಟು ಕಡೆ ಬಂದಿದೆ, ಪ್ರತಿ ಕಡೆ ಹೇಗಿದೆ ಅಂತಲೂ ಬರೆ. ಮುಖಪುಟದ್ದು ಒಂದು ಥರ, ಚಿತ್ರದೊಳಗಿನ ಕಾರಿನ ಮೇಲಿನದು ಒಂದು ಥರ, ಹಿಂಬದಿಯ ವಿಳಾಸದ ಪಕ್ಕದ್ದು ಇನ್ನೊಂದು ಥರ ಇರುವುದು ನಿನಗೇ ಕಾಣುತ್ತದೆ. ವರ್ಷದಿಂದ ವರ್ಷಕ್ಕೆ ಬದಲಾಯಿತು ಅಂತ ನೀನು ಅಂದುಕೊಂಡಿದ್ದೆಲ್ಲ ಒಂದೇ ಮಧ್ಯಾಹ್ನ ಒಂದೇ ಅಚ್ಚುಕೂಟದಲ್ಲಿ ಒಟ್ಟಿಗೆ ಇತ್ತು ಅಂತ ಆಗ ತಿಳಿಯುತ್ತದೆ. ಲ್ಯಾಮಿನೇಷನ್ ಬೇಡ, ಸೆಲೋಟೇಪ್ ಅಂತೂ ಬೇಡವೇ ಬೇಡ. ತುಕ್ಕು ಹಿಡಿದ ಪಿನ್ನನ್ನು ಎಳೆಯದೆ ಹಿಂದಿನಿಂದ ಕಾಲು ನೇರ ಮಾಡಿ ಬಿಡಿಸು. ಪಾಲಿಯೆಸ್ಟರ್ ಲಕೋಟೆ ಸಿಗುತ್ತದೆ, ಪಿವಿಸಿಯದು ಅಗ್ಗ ಅಂತ ಕೊಳ್ಳಬೇಡ, ಅದು ಶಾಯಿಯನ್ನು ಕಿತ್ತುಕೊಳ್ಳುತ್ತದೆ. ಮಳೆಗಾಲದಲ್ಲಿ ಗೋಡೆಗೆ ತಾಗಿದ ಬೀರುವಿನಲ್ಲಿ ಇಡಬೇಡ.

ಕೆಂಪು ಲಾಂಛನದ ಮಾತು ಬಾಕಿ ಇದೆ. ಎರಡನೆಯ ಯುದ್ಧ ಮುಗಿದಾಗ ಐಸೆನಾಖ್ ಸೋವಿಯತ್ ಹಿಡಿತದ ಪೂರ್ವ ಭಾಗಕ್ಕೆ ಬಿತ್ತು, ಮ್ಯೂನಿಕ್ ಪಶ್ಚಿಮಕ್ಕೆ. ಕಾರು ತಯಾರಿಸುವ ಯಂತ್ರ, ಕೆಲಸಗಾರರು ಇದ್ದದ್ದು ಐಸೆನಾಖ್‌ನಲ್ಲಿ. ಅವರು ಯುದ್ಧಕ್ಕೆ ಮುಂಚಿನ ಮಾದರಿಗಳನ್ನೇ ಮತ್ತೆ ಮಾಡಿ, 340 ಅನ್ನುವ ಹೊಸದನ್ನೂ ತಂದು, ಎಲ್ಲಕ್ಕೂ ನೀಲಿ ಬಿಳಿ ಬಿಲ್ಲೆ ಹಾಕಿ ಬಿಎಂಡಬ್ಲ್ಯು ಅಂತಲೇ ಮಾರಿದರು, ಹೊರದೇಶಕ್ಕೂ ಕಳಿಸಿದರು. ಆಗ ಮ್ಯೂನಿಕ್‌ನಲ್ಲಿ ಕಾರೇ ತಯಾರಾಗುತ್ತಿರಲಿಲ್ಲ, ಅಲ್ಲಿಯ 501 ರಸ್ತೆಗೆ ಬಂದದ್ದು 1952ರಲ್ಲಿ. ಹೆಸರು ತಮ್ಮದು ಅಂತ ಮ್ಯೂನಿಕ್‌ನವರು ನ್ಯಾಯಾಲಯದಲ್ಲಿ ಗೆದ್ದರು. ಐಸೆನಾಖ್‌ನವರು ಬಿ ಅಕ್ಷರದ ಬದಲು ಊರಿನ ಇ ಅಕ್ಷರ ಹಾಕಿ ಇಎಂಡಬ್ಲ್ಯು ಮಾಡಿಕೊಂಡರು, ನೀಲಿಯ ಜಾಗಕ್ಕೆ ಕೆಂಪು ತಂದರು, ಬಿಲ್ಲೆಯ ಆಕಾರ ಹಾಗೇ ಬಿಟ್ಟರು. 1950ರ ದಶಕದ ನಡುವಿಗೆ ಆ ಹೆಸರೂ ಮುಗಿಯಿತು, ಆ ಕಾರ್ಖಾನೆಯಿಂದ ವಾರ್ಟ್‌ಬುರ್ಗ್ ಕಾರು ಬರತೊಡಗಿತು. ಕೆಲವೇ ವರ್ಷ ಬದುಕಿದ್ದ ಹೆಸರಿನ ಕಾಗದ ಅದು. ಕಪ್ಪು ಬಿಳುಪಿನ ಹಾಳೆಯಲ್ಲಿ ಮೊದಲ ಅಕ್ಷರದ ಎರಡು ಹೊಟ್ಟೆಗಳನ್ನು ಬಿಟ್ಟರೆ ಅದಕ್ಕೂ ಇದಕ್ಕೂ ವ್ಯತ್ಯಾಸವೇ ಕಾಣದು, ಮಾರುವವನೂ ಎಷ್ಟೋ ಸಲ ಬಿಎಂಡಬ್ಲ್ಯು ಕಟ್ಟಿನಲ್ಲೇ ಸೇರಿಸಿಟ್ಟಿರುತ್ತಾನೆ. ಕಟ್ಟು ಬಿಚ್ಚಿದಾಗ ಆ ಅಕ್ಷರದ ಮೇಲೆ ಕನ್ನಡಿ ಇಟ್ಟು ನೋಡು. ಸಿಕ್ಕರೆ ಬೆಲೆಗೆ ಚೌಕಾಸಿ ಮಾಡು, ಆದರೆ ಕೊಳ್ಳದೆ ಎದ್ದು ಬರಬೇಡ. ದುಡ್ಡು ಸಾಲದಿದ್ದರೆ ನನಗೆ ಫೋನ್ ಮಾಡು.